ಸಂಡೂರಿನ ಕೆಂಪು ನೀರು

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ಮರುದಿನ ಸಂಡೂರು ಬೆಟ್ಟಗಳ ಬುಡದಲ್ಲಿ ಯಾವುದಾದರೊಂದು ಹಳ್ಳದ ದಂಡೆಗೆ ಹೋಗಿ ನಿಂತರೆ, ಅಲ್ಲಿ ಹರಿಯುವುದು ನೀರೋ ಕಾವಿಯ ಕದಡೋ ಎಂಬ ಸಂದೇಹ ಹುಟ್ಟುವುದು. ಆ ನೀರನ್ನು ಒಂದು ಗಾಜಿನ ಜಾಡಿಯಲ್ಲಿ ತುಂಬಿ, ಚೆನ್ನಾಗಿ ಕುಲುಕಿ, ಕದಲದಂತೆ ಮೇಜಿನ ಮೇಲಿಟ್ಟು ನೋಡಬೇಕು. ದಪ್ಪ ಮರಳು ಕೈ ತೆಗೆಯುವಷ್ಟರಲ್ಲಿಯೇ ತಳ ಸೇರುವುದು. ನುಣ್ಣನೆಯ ಮರಳು ಕೆಲವು ನಿಮಿಷಗಳಲ್ಲಿ ಅದರ ಮೇಲೆ ಹಾಸಿಕೊಳ್ಳುವುದು. ಆದರೆ ಮರುದಿನ ಬೆಳಿಗ್ಗೆ ನೋಡಿದರೂ ಮೇಲಿನ ನೀರು ತಿಳಿಯಾಗಿರುವುದಿಲ್ಲ; ಕೆಂಪು ಛಾಯೆ ಅದರಲ್ಲಿ ಇನ್ನೂ ಉಳಿದಿರುವುದು. ನಮ್ಮ ವಿದ್ಯಾರ್ಥಿಗಳಿಗೆ ನಾವು ತೋರಿಸುವ ಈ ಸಣ್ಣ ಪ್ರಯೋಗಕ್ಕೆ ಬಿಡಿಕಾಸಿನ ಖರ್ಚೂ ಇಲ್ಲ. ಆದರೂ ಗಣಿಯಲ್ಲಾಗಲಿ, ರಸ್ತೆಯ ಕಾಮಗಾರಿಯಲ್ಲಾಗಲಿ, ಲಾರಿ ರಿಪೇರಿಯ ಅಂಗಳದಲ್ಲಾಗಲಿ ನೆಲ, ನೀರು, ಗಾಳಿಗಳು ಕೆಡದಂತೆ ತಡೆಯುವ ವಿದ್ಯೆಯ ಸಾರವೆಲ್ಲ ಆ ಜಾಡಿಯೊಳಗೆ ಅಡಗಿದೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ನೀರಿನ ದಾರಿ

ಮೊದಲು ನೀರು ಹೋಗುವ ದಾರಿಯನ್ನು ತಿಳಿಯಬೇಕು. ಸಂಡೂರು ಕಣಿವೆಯೊಳಗಿನ ಊರು. ಅದರ ಎರಡು ಮಗ್ಗುಲಲ್ಲಿಯೂ ಕಬ್ಬಿಣದ ಅದಿರು ಹುದುಗಿರುವ ಬೆಟ್ಟಗಳ ಸಾಲು. ಕಣಿವೆಯ ನೀರನ್ನು ಕೂಡಿಸಿಕೊಂಡು ಹರಿಯುವ ನಾರಿಹಳ್ಳವು ತಾರಾನಗರದ ಬಳಿ ಕಟ್ಟಿರುವ ಜಲಾಶಯದಲ್ಲಿ ತಂಗಿ, ದರೋಜಿಯ ಕೆರೆಯ ಕಡೆಗೆ ಸಾಗಿ, ಅತ್ತ ಕಂಪ್ಲಿ ಸೀಮೆಯತ್ತ ಇಳಿದು ತುಂಗಭದ್ರೆಯ ಪಾಲಾಗುವುದು. ಬೆಟ್ಟಗಳ ಪಶ್ಚಿಮದ ಇಳಿಜಾರಿನ ನೀರು ಹೊಸಪೇಟೆಯ ಕಡೆಗೆ ಇಳಿಯುವುದು. ಅಲ್ಲಿ ೧೯೫೩ರಿಂದ ತುಂಗಭದ್ರಾ ಜಲಾಶಯವಿದೆ. ಜಲಾಶಯದಿಂದ ಕೆಳಗೆ ಹಂಪೆ. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆಯು ಇಂದಿಗೂ ನದಿಯ ನೀರನ್ನು ಅಲ್ಲಿಯ ಬಾಳೆಯ ತೋಟಗಳಿಗೂ ಭತ್ತದ ಗದ್ದೆಗಳಿಗೂ ಉಣಿಸುತ್ತಿದೆ. ಹೀಗೆ ಬೆಟ್ಟದ ನೆತ್ತಿಯಲ್ಲಿ ಸಡಿಲವಾದ ಹಿಡಿ ಮಣ್ಣಿಗೂ ಬಯಲಿನ ಕಾಲುವೆಯ ತೂಬಿಗೂ ನಂಟುಂಟು.

ನೀರು ಕೆಂಪಾಗುವುದೆಲ್ಲ ಗಣಿಗಾರಿಕೆಯ ದೋಷವೆಂದರೆ ಅನ್ಯಾಯವಾದೀತು. ಗುದ್ದಲಿ ತಾಗದ ಬೆಟ್ಟದಿಂದಲೂ ಕೆಂಪು ನೀರು ಇಳಿಯುವುದುಂಟು, ಏಕೆಂದರೆ ಇಲ್ಲಿಯ ಮಣ್ಣಿನಲ್ಲಿಯೇ ಕಬ್ಬಿಣದ ಆಕ್ಸೈಡು ಬೆರೆತಿದೆ. ಆದರೆ ಹುಲ್ಲು, ಪೊದೆ, ಬೇರುಗಳ ಹೊದಿಕೆಯುಳ್ಳ ನೆಲವು ಮಣ್ಣನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ಅಗೆದು ರಾಶಿ ಹಾಕಿದ ಸಡಿಲ ಮಣ್ಣಾದರೋ ಮಳೆ ಎಳೆದತ್ತ ಹೋಗುವುದು. ಈ ಶತಮಾನದ ಮೊದಲ ದಶಕದಲ್ಲಿ ಅದಿರಿಗೆ ಹೊರದೇಶಗಳಲ್ಲಿ ಬೇಡಿಕೆ ಏರಿದಾಗ ಇಂತಹ ರಾಶಿಗಳು ಬೆಟ್ಟದ ಇಳಿಜಾರುಗಳ ತುಂಬ ಬೆಳೆದುವು. ನಿಯಮಗಳು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದುವು. ೨೦೧೧ನೆಯ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿಯಿತು. ಇಂದು ವಿಜಯನಗರ ಜಿಲ್ಲೆಯ ಕೇಂದ್ರವಾಗಿರುವ ಹೊಸಪೇಟೆಯೂ ಆಗ ಅದೇ ಜಿಲ್ಲೆಯಲ್ಲಿತ್ತು. ೨೦೧೩ನೆಯ ಏಪ್ರಿಲ್ ೧೮ರ ತೀರ್ಪಿನಿಂದ ಅತಿಯಾಗಿ ಮೇರೆ ಮೀರಿದ್ದ ಗುತ್ತಿಗೆಗಳು ರದ್ದಾದುವು. ಉಳಿದ ಗಣಿಗಳು ನೆಲವನ್ನು ಸರಿಪಡಿಸುವ ಯೋಜನೆಯೊಂದನ್ನು ಒಪ್ಪಿ ಅದರಂತೆ ನಡೆದ ಮೇಲೆಯೇ ಕೆಲಸ ಮುಂದುವರಿಸಬಹುದೆಂದು ವಿಧಿಸಲಾಯಿತು. ಈ ಯೋಜನೆಗಳನ್ನು ರೂಪಿಸುವ ಭಾರ ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿನ ಮೇಲೆ ಬಿದ್ದಿತು.

ಇಂತಹ ಯೋಜನೆಗಳಲ್ಲಿ ಕಾಣುವ ಏರ್ಪಾಡುಗಳು ಯಾವುವೆಂದರೆ: ತ್ಯಾಜ್ಯದ ರಾಶಿಯ ಬುಡಕ್ಕೆ ತಡೆಗೋಡೆ, ಅದರ ಸುತ್ತ ಹಾರ ಹಾಕಿದಂತೆ ತೋಡಿದ ಚರಂಡಿ, ಹಳ್ಳಕೊಳ್ಳಗಳಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳು, ಹೂಳು ತಂಗುವ ಹೊಂಡಗಳು, ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಅದರಲ್ಲಿ ಹುಲ್ಲು ಮತ್ತು ಗಿಡಗಳನ್ನು ಬೆಳೆಸುವುದು. ನೋಡಲು ಇವೆಲ್ಲ ಒಂದೇ ಕೆಲಸವನ್ನು ಬೇರೆ ಬೇರೆ ಬಗೆಯಲ್ಲಿ ಮಾಡುವಂತೆ ತೋರುವುದು. ಆದರೆ ಒಂದೊಂದರ ಶಕ್ತಿಗೂ ಒಂದೊಂದು ಎಲ್ಲೆಯುಂಟು. ಆ ಎಲ್ಲೆಯನ್ನು ಗೊತ್ತುಮಾಡುವುದು ಗುತ್ತಿಗೆದಾರನಲ್ಲ, ಭೌತವಿಜ್ಞಾನದ ಒಂದು ನಿಯಮ.

ಕಣವು ಇಳಿಯುವ ವೇಗ

ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬಾತನು ೧೮೫೧ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದನು. ನೀರಿನಲ್ಲಿ ಇಳಿಯುವ ಒಂದು ಸಣ್ಣ ಗುಂಡನೆಯ ಕಣವನ್ನು ಊಹಿಸಿಕೊಳ್ಳೋಣ. ಅದನ್ನು ಕೆಳಕ್ಕೆ ಎಳೆಯುವುದು ಅದರ ತೂಕ; ಬೀಳದಂತೆ ಅಡ್ಡಿಮಾಡುವುದು ನೀರಿನ ಸ್ನಿಗ್ಧತೆ, ಅಂದರೆ ನೀರಿನ ಒಳಗಿನ ಅಂಟು. ಕಣದ ವ್ಯಾಸ ಹತ್ತು ಪಟ್ಟು ಕಡಿಮೆಯಾದರೆ ತೂಕವು ಸಾವಿರ ಪಟ್ಟು ಕುಗ್ಗುವುದು. ನೀರಿನ ಅಡ್ಡಿಯಾದರೋ ಅದೇ ವೇಗಕ್ಕೆ ಹತ್ತು ಪಟ್ಟು ಮಾತ್ರ ಕುಗ್ಗುವುದು. ಆದುದರಿಂದ ಕಣವು ನೂರು ಪಟ್ಟು ನಿಧಾನವಾಗಿ ಇಳಿಯುವುದು. ಗಾತ್ರ ಹತ್ತರಲ್ಲಿ ಒಂದಾದರೆ ವೇಗ ನೂರರಲ್ಲಿ ಒಂದು: ಓದುಗರು ಇದಿಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಅದಿರಿನ ಕಣಕ್ಕೆ ಇದನ್ನು ಹೊಂದಿಸಿ ಲೆಕ್ಕ ಹಾಕೋಣ. ಸಂಡೂರಿನ ಮುಖ್ಯ ಅದಿರಾದ ಹೆಮಟೈಟು ನೀರಿಗಿಂತ ಐದು ಪಟ್ಟಿಗೂ ಮಿಗಿಲಾದ ಸಾಂದ್ರತೆಯುಳ್ಳದ್ದು. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮೈಕ್ರಾನ್ ಎನ್ನುವರು. ೧೦೦ ಮೈಕ್ರಾನ್ ವ್ಯಾಸದ ಕಣ, ಅಂದರೆ ದಪ್ಪ ತಲೆಗೂದಲಿನಷ್ಟು ಅಗಲವಾದದ್ದು, ನಿಂತ ನೀರಿನಲ್ಲಿ ಒಂದು ಮೀಟರು ಇಳಿಯಲು ಒಂದು ನಿಮಿಷವೂ ಬೇಡ. ೧೦ ಮೈಕ್ರಾನಿನ ಕಣಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಒಂದು ಮೈಕ್ರಾನಿನ ಕಣಕ್ಕೆ ನಾಲ್ಕೂವರೆ ದಿನ ಬೇಕು! ಅದೇ ಗಾತ್ರದ ಜೇಡಿಯ ಕಣವು ಹೆಮಟೈಟಿಗಿಂತ ಹಗುರವಾದುದರಿಂದ ಅದಕ್ಕೆ ಹನ್ನೊಂದು ದಿನಗಳಿಗೂ ಮೀರಿ ಹಿಡಿಯುವುದು. ಜಾಡಿಯ ನೀರು ಮರುದಿನವೂ ಕೆಂಪಾಗಿದ್ದುದರ ಕಾರಣ ಇದೇ.

ಈಗ ಕಲ್ಲಿನ ಒಡ್ಡಿನ ಕಡೆಗೆ ಬರೋಣ. ಕಡಿದಾದ ಕೊಳ್ಳದಲ್ಲಿ ಧುಮುಕುವ ನೀರಿಗೆ ಒಡ್ಡು ಅಡ್ಡವಾದಾಗ ಅದರ ವೇಗ ತಗ್ಗುವುದು. ಹರಿಯುವ ನೀರಿನ ಒಯ್ಯುವ ಶಕ್ತಿಯ ವಿಷಯದಲ್ಲಿ ಹಳೆಯದೊಂದು ಅಂದಾಜಿನ ನಿಯಮವಿದೆ: ವೇಗ ಇಮ್ಮಡಿಯಾದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ ೬೪ ಪಟ್ಟು ಹೆಚ್ಚುವುದು; ವೇಗ ಅರ್ಧವಾದರೆ ಅಷ್ಟೇ ಪಟ್ಟು ಕಡಿಮೆಯಾಗುವುದು. ಆದುದರಿಂದ ಸಾಧಾರಣವಾದ ಒಡ್ಡು ಸಹ ಗುಂಡು, ಜಲ್ಲಿ, ದಪ್ಪ ಮರಳುಗಳನ್ನು ಥಟ್ಟನೆ ಹಿಡಿದು ನಿಲ್ಲಿಸುವುದು. ಆದರೆ ಅದರ ಹಿಂದೆ ನೀರು ನಿಲ್ಲುವುದು ಕೆಲವೇ ನಿಮಿಷಗಳು; ಒಂದು ಮೈಕ್ರಾನಿನ ಕಣವು ಒಡ್ಡನ್ನು ದಾಟಿಕೊಂಡು ಹೋಗುವುದು. ಮುಂದಿನ ಹೊಂಡದಲ್ಲಿ ನೀರು ಎರಡು ಗಂಟೆ ತಂಗಿದರೆ ೧೦ ಮೈಕ್ರಾನಿನವು ಸಿಕ್ಕಿಬೀಳುವುವು; ಅದಕ್ಕಿಂತ ನುಣ್ಣನೆಯವು ಆಗಲೂ ಪಾರಾಗುವುವು. ನುಣ್ಣನೆಯ ಕಣಗಳಿಗೆ ನಮ್ಮ ಅಜ್ಜಿಯಂದಿರ ಉಪಾಯವೇ ಮದ್ದು. ಕೊಡದ ನೀರಿಗೆ ಪಟಿಕವನ್ನು ಆಡಿಸುವುದು, ಮಡಕೆಯ ಒಳಗೆ ಚಿಲ್ಲದ ಬೀಜವನ್ನು ತೇಯುವುದು ಹಿಂದೆ ಎಲ್ಲ ಮನೆಗಳಲ್ಲಿಯೂ ಗೊತ್ತಿದ್ದ ಕ್ರಮ. ನುಣ್ಣನೆಯ ಕಣಗಳ ಮೇಲೆ ಒಂದೇ ಜಾತಿಯ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಿರುವುವು. ಪಟಿಕವು ಆ ವಿದ್ಯುದಂಶವನ್ನು ಅಡಗಿಸಿ ಕಣಗಳು ಮುದ್ದೆಗಟ್ಟುವಂತೆ ಮಾಡುವುದು. ಮುದ್ದೆ ದೊಡ್ಡದು, ದೊಡ್ಡದು ಬೇಗ ಇಳಿಯುವುದು.

ಇಲ್ಲಿ ಮರೆಯಬಾರದ ಇನ್ನೊಂದು ಸಂಗತಿಯುಂಟು. ಒಡ್ಡಿನ ಹಿಂದೆ ಹೂಳು ಅಂಚಿನವರೆಗೆ ತುಂಬಿದ ಮೇಲೆ ಅದು ಒಡ್ಡಾಗಿ ಉಳಿಯುವುದಿಲ್ಲ. ನೀರು ಇಳಿಯುವ ಮೆಟ್ಟಿಲಾಗುವುದು. ಹೊಂಡದ ಗತಿಯೂ ಅದೇ. ಆದುದರಿಂದ ಪ್ರತಿ ಬೇಸಗೆಯಲ್ಲಿಯೂ, ಮುಂಗಾರಿಗೆ ಮೊದಲೇ, ಇವುಗಳ ಹೂಳನ್ನು ಎತ್ತತಕ್ಕದ್ದು. ಕೆರೆಯ ಗೋಡನ್ನು ಬೇಸಗೆಯಲ್ಲಿ ಬಂಡಿಗೆ ಹೇರಿ ಹೊಲಕ್ಕೆ ಹೊಡೆಯುತ್ತಿದ್ದ ನಮ್ಮ ರೈತರಿಗೆ ಇದನ್ನು ಹೇಳಬೇಕಾದ ಅಗತ್ಯವಿಲ್ಲ. ಕಾಮಗಾರಿಯ ಲೆಕ್ಕ ಬರೆಯುವವರಿಗೆ ಹೇಳಬೇಕಾಗಿದೆ.

ಕೆಳಗೆ ಹೋದ ಮೇಲೆ

ಮೇಲೆ ಹಿಡಿಯದೆ ಬಿಟ್ಟದ್ದನ್ನು ಕೆಳಗೆ ಹಿಡಿದರಾಗದೇ ಎಂದು ಕೆಲವರು ಕೇಳಬಹುದು. ಇದಕ್ಕೆ ತುಂಗಭದ್ರಾ ಜಲಾಶಯವೇ ಉತ್ತರ ಹೇಳುವುದು. ೧೯೫೩ರಲ್ಲಿ ಅದರ ಸಾಮರ್ಥ್ಯ ಸುಮಾರು ೧೩೨.೫ ಟಿ.ಎಂ.ಸಿ. ಅಡಿ. ೨೦೧೬ರ ಅಳತೆಯಲ್ಲಿ ಅದು ೧೦೫.೮ ಟಿ.ಎಂ.ಸಿ. ಅಡಿಗೆ ಇಳಿದಿತ್ತು. ಹೋದ ಸುಮಾರು ೨೬.೭ ಟಿ.ಎಂ.ಸಿ. ಅಡಿಯಷ್ಟು ಜಾಗದಲ್ಲಿ ಇಂದು ನೀರಿಗೆ ಬದಲಾಗಿ ಹೂಳಿದೆ. ಇದು ಸಂಡೂರಿನ ಗಣಿಗಳಿಂದಲೇ ಬಂದದ್ದೆಂದು ಯಾರೂ ತಿಳಿಯಕೂಡದು. ಜಲಾಶಯಕ್ಕೆ ನೀರು ತರುವ ಪ್ರದೇಶ ೨೮,೦೦೦ ಚದರ ಕಿಲೊಮೀಟರುಗಳಷ್ಟು ದೊಡ್ಡದು. ಮಲೆನಾಡಿನ ಕಾಡಿನಿಂದ ಬಯಲುಸೀಮೆಯ ಹೊಲದವರೆಗೆ ಎಲ್ಲ ನೆಲದ ಮಣ್ಣೂ ಅದರಲ್ಲಿ ಸೇರಿದೆ. ನಾವು ಇಲ್ಲಿ ಹೇಳಹೊರಟಿರುವುದು ಪರಿಮಾಣದ ಮಾತು. ಆ ಹೂಳಿನ ಗಾತ್ರ ೭೫ ಕೋಟಿ ಘನಮೀಟರುಗಳಿಗೂ ಮಿಗಿಲು. ಒಂದು ಲಾರಿಗೆ ಹತ್ತು ಘನಮೀಟರಿನಂತೆ ದಿನಕ್ಕೆ ಸಾವಿರ ಲಾರಿ ಹೂಳು ತೆಗೆದರೂ, ಒಂದು ದಿನವೂ ಬಿಡುವಿಲ್ಲದೆ ದುಡಿದರೂ, ಕೆಲಸ ಮುಗಿಯಲು ಇನ್ನೂರು ವರ್ಷಗಳು ಸಾಲವು. ತೆಗೆದದ್ದನ್ನು ಎಲ್ಲಿ ಸುರಿಯುವುದೆಂಬುದು ಬೇರೆಯೇ ಪ್ರಶ್ನೆ. ಬೆಟ್ಟದ ಬುಡದಲ್ಲಿ ಹತ್ತು ಆಳುಗಳು ಒಂದು ವಾರದಲ್ಲಿ ಎತ್ತಬಹುದಾದ ಹೂಳು ಜಲಾಶಯದ ತಳ ಸೇರಿತೆಂದರೆ ಎಂದೆಂದಿಗೂ ಕೈಗೆ ಸಿಕ್ಕದಂತಾಗುವುದು.

ಗಾಳಿಯಲ್ಲಿಯೂ ಅದೇ ನಿಯಮ

ಸ್ಟೋಕ್ಸನ ನಿಯಮವು ಗಾಳಿಗೂ ಸಲ್ಲುವುದು. ಲಾರಿಯ ಚಕ್ರವು ರಸ್ತೆಯ ಅದಿರಿನ ಪುಡಿಯನ್ನು ಎರಡು ಮೀಟರಿನಷ್ಟು ಎತ್ತರಕ್ಕೆ ಎಬ್ಬಿಸಿತೆನ್ನೋಣ. ೧೦ ಮೈಕ್ರಾನಿನ ಕಣವು ನೆಲಕ್ಕೆ ಮರಳಲು ಎರಡು ನಿಮಿಷ ಬೇಕು. ಗಾಳಿ ಸೆಕೆಂಡಿಗೆ ಮೂರು ಮೀಟರಿನಂತೆ ಬೀಸುತ್ತಿದ್ದರೆ ಅಷ್ಟರಲ್ಲಿ ಅದು ಮುನ್ನೂರೈವತ್ತು ಮೀಟರಿಗೂ ಆಚೆ ಹೋಗಿ ಬೀಳುವುದು. ಗಾಳಿಯ ಸುಳಿಗಳು ಅದನ್ನು ಇನ್ನೂ ದೂರ ಒಯ್ಯಬಹುದು. ಹಿಂದೆ ಸಂಡೂರು ಹೊಸಪೇಟೆಗಳ ನಡುವೆ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ದಿನಗಳಲ್ಲಿ ರಸ್ತೆಯ ಬದಿಯ ಮರಗಳೂ ಬೆಳೆಗಳೂ ಕೆಂಪಾಗಿ ನಿಂತಿದ್ದುದಕ್ಕೆ ಈ ಲೆಕ್ಕವೇ ಸಾಕ್ಷಿ. ೧೦ ಮೈಕ್ರಾನಿಗಿಂತ ಸಣ್ಣ ಕಣಗಳು ಉಸಿರಿನೊಡನೆ ಒಳಹೋಗುವುವು. ಸಣ್ಣದಾದಷ್ಟೂ ಶ್ವಾಸಕೋಶದ ಆಳಕ್ಕೆ ಇಳಿಯುವುವು.

ಇದಕ್ಕೆ ರಸ್ತೆಗೆ ನೀರು ಚಿಮುಕಿಸುವುದು ಒಂದು ಉಪಾಯ. ನೀರಿನ ತೆಳುವಾದ ಪೊರೆ ಕಣಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡದು ಮಾಡುವುದು. ಆದರೆ ಬಳ್ಳಾರಿಯ ಬಿಸಿಲಿನಲ್ಲಿ ಆ ಪೊರೆ ಬಹಳ ಹೊತ್ತು ನಿಲ್ಲದು. ಅತಿಯಾಗಿ ಸುರಿದರೆ ಧೂಳು ಕೆಸರಾಗಿ ಚರಂಡಿಗೆ ಇಳಿಯುವುದು. ಅದಕ್ಕಿಂತ ಮೇಲಾದುದು ಅದಿರು ಚೆಲ್ಲದಂತೆಯೇ ನೋಡಿಕೊಳ್ಳುವುದು: ಲಾರಿಯ ಪೆಟ್ಟಿಗೆಯ ಅಂಚನ್ನು ಮೀರಿ ತುಂಬದಿರುವುದು, ತಾಡಪಾಲನ್ನು ಬಿಗಿಯಾಗಿ ಕಟ್ಟುವುದು, ಗಣಿಯ ಬಾಗಿಲಿನಲ್ಲಿಯೇ ಚಕ್ರಗಳನ್ನು ತೊಳೆಯುವುದು. ಎಲ್ಲಕ್ಕಿಂತ ಮೇಲಾದುದು ಅದಿರನ್ನು ರೈಲಿನಲ್ಲಿಯೋ ಮುಚ್ಚಿದ ಸಾಗಣೆಪಟ್ಟಿಯಲ್ಲಿಯೋ ಕಳುಹಿಸುವುದು. ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೆಗೆ ಸುಮಾರು ೨೪ ಕಿಲೊಮೀಟರು ಉದ್ದದ, ಕೊಳವೆಯಂತೆ ಸುರುಳಿಗೊಳ್ಳುವ ಪಟ್ಟಿಯ ಮೂಲಕ ಅದಿರು ಸಾಗುವ ವ್ಯವಸ್ಥೆ ಈಗ ಇದೆ.

ಚೆಲ್ಲಿದ ಎಣ್ಣೆ

ಕೆಲಸದ ಜಾಗಗಳಲ್ಲಿ ಚೆಲ್ಲುವುದು ಮಣ್ಣೊಂದೇ ಅಲ್ಲ. ಕೆಲವು ವರ್ಷಗಳ ಹಿಂದೆ ಒಂದು ರಸ್ತೆ ಕಾಮಗಾರಿಯ ಬಳಿ ನಾವು ಕಣ್ಣಾರೆ ಕಂಡ ಸಂಗತಿಯಿದು. ಟ್ರಾಕ್ಟರಿನಿಂದ ಇಳಿಸುವಾಗ ಡೀಸೆಲ್ಲಿನ ಪೀಪಾಯಿಯೊಂದು ಉರುಳಿತು. ಎತ್ತಿ ನಿಲ್ಲಿಸುವಷ್ಟರಲ್ಲಿ ಕಾಲು ಭಾಗ, ಅಂದರೆ ಸುಮಾರು ೫೦ ಲೀಟರು, ನೆಲದ ಪಾಲಾಗಿತ್ತು. ಮಡುವು ಎರಡು ಚಾಪೆಗಳಷ್ಟು ಅಗಲವಿದ್ದಿತು. ಮೇಲ್ವಿಚಾರಕರು ಗಾಬರಿಯಿಂದ ನೀರಿನ ಟ್ಯಾಂಕರನ್ನು ಕರೆಸಿ, ಸಾಬೂನು ಪುಡಿ ಎರಚಿ, ಜಾಗವನ್ನು ತೊಳೆಸಿಬಿಟ್ಟರು. ಅರ್ಧ ಗಂಟೆಯಲ್ಲಿ ನೆಲ ಶುಚಿಯಾಯಿತು. ಆದರೆ ಚರಂಡಿಯ ಕೊನೆಯಲ್ಲಿ ಎಮ್ಮೆಗಳು ನೀರು ಕುಡಿಯುವ ಒಂದು ಹೊಂಡವಿದ್ದಿತು. ಸಂಜೆಯ ಹೊತ್ತಿಗೆ ಅದರ ಮೇಲೆಲ್ಲ ಕಾಮನಬಿಲ್ಲಿನ ಬಣ್ಣಗಳು ಹರಡಿದ್ದುವು. ಅಲ್ಲಿ ನಿಂತಿದ್ದ ಮುದುಕರೊಬ್ಬರು, "ನಾಕು ಬುಟ್ಟಿ ಮಣ್ಣು ಹಾಕಿದ್ರ ಮುಗೀತಿತ್ತಲ್ರೀ ಸಾರ್, ನೀರ್ಯಾಕ ಬಿಟ್ರು?" ಎಂದು ನಮ್ಮನ್ನು ಕೇಳಿದರು. ಭೌತವಿಜ್ಞಾನದ ಉಪಾಧ್ಯಾಯರಾದ ನಮಗೆ ಅದಕ್ಕೆ ಸೇರಿಸಲು ಹೆಚ್ಚೇನೂ ಇರಲಿಲ್ಲ.

ಸೇರಿಸಬಹುದಾದದ್ದು ಲೆಕ್ಕ ಮಾತ್ರ. ನೀರಿನ ಮೇಲೆ ಎಣ್ಣೆ ಒಂದು ಮೈಕ್ರಾನಿನಷ್ಟು ತೆಳ್ಳಗೆ ಹರಡಿದರೆ ಒಂದು ಲೀಟರು ಸಾವಿರ ಚದರ ಮೀಟರನ್ನು ಮುಚ್ಚುವುದು; ೫೦ ಲೀಟರಿಗೆ ಹನ್ನೆರಡು ಎಕರೆಗೂ ಮಿಗಿಲಾದ ಕೆರೆ ಸಾಕಾಗುವುದು. ಪೊರೆಯ ಮೇಲ್ಮೈಯಿಂದಲೂ ಕೆಳಮೈಯಿಂದಲೂ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಬೆರೆತಾಗ ಕೆಲವು ಬಣ್ಣಗಳು ಅಳಿದು ಕೆಲವು ಉಜ್ಜ್ವಲವಾಗುವುವು; ಇದೇ ವ್ಯತಿಕರಣ. ಆ ಬಣ್ಣಗಳು ಕಂಡುವೆಂದರೆ ಪೊರೆ ಮೈಕ್ರಾನಿನ ಅಳತೆಗೆ ಇಳಿದಿದೆ, ಇನ್ನು ಅದನ್ನು ಬಾಚಿ ತೆಗೆಯುವ ಹೊತ್ತು ಮೀರುತ್ತಿದೆ ಎಂದು ತಿಳಿಯಬೇಕು. ಸಾಬೂನಿನ ಕಥೆ ಇನ್ನೂ ಕೆಟ್ಟದ್ದು. ಅದು ಎಣ್ಣೆಯನ್ನು ಇಲ್ಲವಾಗಿಸುವುದಿಲ್ಲ. ಸಣ್ಣ ಹನಿಗಳಾಗಿ ಒಡೆಯುವುದು. ಎಣ್ಣೆಯ ಹನಿ ನೀರಿಗಿಂತ ಹಗುರವಾದುದರಿಂದ ಮೇಲಕ್ಕೆ ಏರಬೇಕಷ್ಟೆ. ಏರುವ ವೇಗಕ್ಕೂ ಸ್ಟೋಕ್ಸನ ನಿಯಮವೇ ಅಳತೆಗೋಲು. ೧೦ ಮೈಕ್ರಾನಿನ ಡೀಸೆಲ್ ಹನಿ ಒಂದು ಮೀಟರು ಮೇಲೇರಲು ಒಂದು ಹಗಲು ಒಂದು ರಾತ್ರಿ ಸಾಲದು. ಹೀಗೆ ಸಾಬೂನು ಹಾಕಿದವನು ಎಣ್ಣೆಯನ್ನು ಕಣ್ಣಿಗೆ ಮರೆಮಾಡಿ ನೀರಿನ ಒಡಲಿಗೆ ಸೇರಿಸಿದಂತಾಯಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಸೋರುವಿಕೆಯನ್ನು ನಿಲ್ಲಿಸಬೇಕು: ಪೀಪಾಯಿಯನ್ನು ನೆಟ್ಟಗೆ ಮಾಡಬೇಕು, ನಲ್ಲಿಯನ್ನು ತಿರುಗಿಸಬೇಕು. ಬೀಡಿ, ಬೆಂಕಿ, ಓಡುವ ಯಂತ್ರಗಳನ್ನು ದೂರವಿಡಬೇಕು. ಎರಡನೆಯದಾಗಿ, ಎಣ್ಣೆ ಓಡುವ ದಿಕ್ಕನ್ನು ನೋಡಿ ಅದಕ್ಕಿಂತ ಮುಂದೆ ಹೋಗಿ ಚರಂಡಿಯ ಬಾಯಿಗೆ ಮಣ್ಣಿನ ಚೀಲಗಳನ್ನು ಒತ್ತಬೇಕು. ಮೂರನೆಯದಾಗಿ, ಅಂಚಿನಿಂದ ನಡುವಿಗೆ ಬರುವಂತೆ ಮರಳು, ಮರದ ಹೊಟ್ಟು ಅಥವಾ ಭತ್ತದ ಹೊಟ್ಟನ್ನು ಹರಡಿ ಎಣ್ಣೆಯನ್ನು ಹೀರಿಸಬೇಕು. ಕಂಪ್ಲಿಯ ಭತ್ತದ ಸೀಮೆಯಲ್ಲಿ ಹೊಟ್ಟಿಗೆ ಬರವಿಲ್ಲ. ನಾಲ್ಕು ಚೀಲ ಹೊಟ್ಟು, ಎರಡು ಸಲಿಕೆ, ಒಂದು ಖಾಲಿ ಪೀಪಾಯಿ, ಇಷ್ಟು ಪ್ರತಿಯೊಂದು ಕಾಮಗಾರಿಯ ಬಳಿಯೂ ಸಿದ್ಧವಾಗಿರಬಹುದು. ಕೊನೆಗೆ ಎಣ್ಣೆ ಕುಡಿದ ಹೊಟ್ಟನ್ನೂ ಮೇಲಿನ ಮಣ್ಣನ್ನೂ ಕೆರೆದು ಪೀಪಾಯಿಗೆ ತುಂಬಿ, ಮುಚ್ಚಿ, ಇಂತಹ ತ್ಯಾಜ್ಯವನ್ನು ಸ್ವೀಕರಿಸಲು ಪರವಾನಗಿ ಪಡೆದವರಿಗೆ ಒಪ್ಪಿಸಬೇಕು. ಹೂಳುವುದಾಗಲಿ ಸುಡುವುದಾಗಲಿ ಕೂಡದು. ಹೊಳೆ ಕೆರೆಗಳಿಗೆ ಸೇರಿಹೋದ ಪಕ್ಷದಲ್ಲಿ ಕೂಡಲೇ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಗೆ ತಿಳಿಸತಕ್ಕದ್ದೆಂದು ೧೯೭೪ರ ಜಲ ಕಾಯಿದೆಯ ೩೧ನೆಯ ಕಲಮು ವಿಧಿಸಿದೆ. ಮುಚ್ಚಿಡುವುದರಿಂದ ದಂಡ ತಪ್ಪಬಹುದೆಂಬ ಆಸೆಗೆ ಕೆಳಗಿನ ಊರಿನ ಜನ, ದನ ಬೆಲೆ ತೆರುವಂತಾಗಬಾರದು.

ಇವೆಲ್ಲಕ್ಕಿಂತ ಮೊದಲೇ ಮಾಡುವಂಥದು ಒಂದಿದೆ. ಎಣ್ಣೆಯ ತೊಟ್ಟಿಯ ಸುತ್ತ ಸಿಮೆಂಟಿನ ಕಟ್ಟೆಯನ್ನು ಕಟ್ಟುವಾಗ ತೊಟ್ಟಿಯ ಅಳತೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಹಿಡಿಯುವಂತೆ ಕಟ್ಟುವುದು ವಾಡಿಕೆ. ತೊಟ್ಟಿ ಪೂರ್ತಿ ಸೋರಿದ ದಿನವೇ ಮಳೆಯೂ ಬಿದ್ದರೆ ಜಾಗವಿರಲೆಂಬ ಮುಂದಾಲೋಚನೆ ಅದರಲ್ಲಿದೆ.

ಹಿಡಿದದ್ದನ್ನು ಕಾಯುವುದು

ಕೆಸರನ್ನು ಹಿಡಿದು ಕೂಡಿಹಾಕಿದೆವೆಂದ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. ಬ್ರೆಜಿಲ್ ದೇಶದ ಮರಿಯಾನ ಎಂಬಲ್ಲಿ ಕಬ್ಬಿಣದ ಅದಿರಿನ ಕೆಸರನ್ನು ನಿಲ್ಲಿಸಿದ್ದ ಅಣೆಕಟ್ಟು ೨೦೧೫ನೆಯ ನವೆಂಬರ್ ೫ರಂದು ಒಡೆದು ೧೯ ಮಂದಿ ಸತ್ತರು. ಕೆಂಪು ಕೆಸರು ದೋಸೆ ನದಿಯಗುಂಟ ೬೦೦ ಕಿಲೊಮೀಟರಿಗೂ ಹೆಚ್ಚು ದೂರ ಹರಿದು ಅಟ್ಲಾಂಟಿಕ್ ಸಾಗರವನ್ನು ಮುಟ್ಟಿತು. ನಾಲ್ಕು ವರ್ಷ ತುಂಬುವ ಮೊದಲೇ, ೨೦೧೯ನೆಯ ಜನವರಿ ೨೫ರಂದು, ಅದೇ ದೇಶದ ಬ್ರುಮಜಿನ್ಯೊ ಎಂಬಲ್ಲಿ ಅಂತಹುದೇ ಇನ್ನೊಂದು ಕಟ್ಟೆ ಕುಸಿದು ೨೭೦ರಷ್ಟು ಜನ ಮಡಿದರು. ನುಣ್ಣನೆಯ ಕೆಸರು ನೀರನ್ನು ಬಹಳ ಕಾಲ ಬಿಟ್ಟುಕೊಡುವುದಿಲ್ಲ. ಹೊರಗೆ ಗ‌ಟ್ಟಿಯಾಗಿ ಕಂಡರೂ ಒಳಗೆ ನೀರು ತುಂಬಿದ ಸಡಿಲ ರಾಶಿಯಾಗಿರಬಹುದು. ಅಂತಹ ಕಟ್ಟೆಯನ್ನು ಕಟ್ಟಿದವರು ಅದರೊಳಗಿನ ನೀರಿನ ಒತ್ತಡವನ್ನು ಅಳೆಯುತ್ತ, ಮಳೆಗಾಲದಲ್ಲಿ ಕಾಯುತ್ತ ಇರಲೇಬೇಕು.

ಧೂಳು, ಹೂಳು, ಎಣ್ಣೆ ಎಂಬ ಮೂರರ ಕಥೆಯೂ ಕೊನೆಗೆ ಒಂದೇ ಆಯಿತು. ಹೆಂಟೆಯಾಗಿದ್ದಾಗ ಕೈಯಿಂದ ಎತ್ತಬಹುದಾದುದನ್ನು ಚಕ್ರ ಪುಡಿಮಾಡುವುದು, ಮಳೆ ಕದಡುವುದು, ಸಾಬೂನು ಒಡೆಯುವುದು. ಸಣ್ಣದಾದಷ್ಟೂ ಅದು ನಿಧಾನವಾಗಿ ಇಳಿಯುವುದು, ದೂರ ಹೋಗುವುದು, ಕೈಗೆ ಸಿಕ್ಕದಂತಾಗುವುದು. ಆದುದರಿಂದ ದೊಡ್ಡದಾಗಿರುವಾಗಲೇ, ಒಂದೆಡೆ ಕೂಡಿರುವಾಗಲೇ, ಬಿದ್ದ ಜಾಗದಲ್ಲಿಯೇ ಹಿಡಿಯತಕ್ಕದ್ದು. ಓದುಗರು ಮುಂದಿನ ಮಳೆಗಾಲದಲ್ಲಿ ತಮ್ಮ ಊರಿನ ಹಳ್ಳದ ನೀರನ್ನು ಒಂದು ಜಾಡಿಯಲ್ಲಿ ಹಿಡಿದಿಟ್ಟು, ಮೇಲಿನ ನೀರು ತಿಳಿಯಾಗಲು ಎಷ್ಟು ದಿನ ಬೇಕಾಯಿತೆಂಬುದನ್ನು ಗುರುತು ಹಾಕಿಕೊಳ್ಳಲಿ. ಮಕ್ಕಳನ್ನೂ ಕರೆದು ತೋರಿಸಲಿ. ಮೇಲೆ ನಡೆಯುತ್ತಿರುವ ಕೆಲಸದಲ್ಲಿ ಒಡ್ಡು ಹೊಂಡಗಳು ಸರಿಯಾಗಿವೆಯೋ ಇಲ್ಲವೋ ಎಂದು ಕೇಳುವ ಹಕ್ಕು ಕೆಳಗೆ ನೀರು ಕುಡಿಯುವವರೆಲ್ಲರಿಗೂ ಉಂಟು. ಆ ಪ್ರಶ್ನೆಯನ್ನು ಕೇಳಲು ಬೇಕಾದ ಅಳತೆಗೋಲು ಜಾಡಿಯಲ್ಲಿಯೇ ದೊರೆಯುವುದು.